ಎರಡು ಸೂರ್ಯ ಇರುವ ಊರಿಗೆ ಹೋಗ್ಲಿಕ್ಕೆ ಆಗ್ತದಾ?

ಬದಿಯಡ್ಕ ಮಾಷ್:
ನಮ್ಮ ಶಾಲೆಯ ವಿಜ್ಞಾನ ಕ್ಲಬ್ಬಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಪ್ರಶ್ನೆ ಕೇಳಿದ್ದಾಳೆ. ಎರಡು ಸೂರ್ಯ ಇರುವ ಗ್ರಹದಲ್ಲಿ ಜೀವ ಇರಬಹುದಾ? ಇದ್ದರೆ ಬೆಳಕಿಗಿಂತ ವೇಗವಾಗಿ ಹೋಗಿ ನೋಡಿ ಬರಬಹುದಾ? ಸೋಮವಾರ ಹೇಳ್ತೇನೆ ಅಂತ ತಪ್ಪಿಸಿಕೊಂಡು ಬಂದಿದ್ದೇನೆ. ಎರಡನೆಯದಕ್ಕೆ ‘ಇಲ್ಲ’ ಅಂತ ಗೊತ್ತುಂಟು. ಮೊದಲನೆಯದಕ್ಕೂ ‘ಕಷ್ಟ’ ಅಂತಲೇ ನನ್ನ ಅಂದಾಜು. ಇಬ್ಬರು ಸೂರ್ಯರ ಎಳೆದಾಟದ ನಡುವೆ ಗ್ರಹ ನಿಲ್ಲುವುದಾದರೂ ಹೇಗೆ?

ಪೆರ್ಲದ ಕೃಷಿಕ:
ಎರಡು ಸೂರ್ಯ ಇದ್ರೆ ಒಳ್ಳೆದೇ ಅಲ್ವಾ ಮಾಷೇ? ಅಂಗಳದಲ್ಲಿ ಹಾಕಿದ ಅಡಿಕೆ ನಲ್ವತ್ತು ದಿನದ ಬದಲು ಇಪ್ಪತ್ತು ದಿನಕ್ಕೆ ಒಣಗ್ತದೆ.

ಪಯಸ್ವಿನಿ:
ಪೆರ್ಲದ ಅಣ್ಣ, ಒಣಗುವುದಿಲ್ಲ. ಕೆಪ್ಲರ್-16ಬಿ ಅಂತ ಒಂದು ಗ್ರಹ 2011ರಲ್ಲಿ ಸಿಕ್ಕಿದೆ, ಸುಮಾರು 245 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಜ್ಯೋತಿರ್ವರ್ಷ). ಎರಡು ನಕ್ಷತ್ರಗಳು 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಗ್ರಹ ಆ ಜೋಡಿಯ ಹೊರಗಿನಿಂದ 229 ದಿನಕ್ಕೆ ಒಂದು ಸುತ್ತು ಮುಗಿಸ್ತದೆ. ಆದರೆ ದೊಡ್ಡ ನಕ್ಷತ್ರದ ತೂಕ ನಮ್ಮ ಸೂರ್ಯನ ಶೇ. 69 ಮಾತ್ರ, ಸಣ್ಣದರದ್ದು ಶೇ. 20. ಎರಡೂ ಸೇರಿ ಕಾಯಿಸಿದರೂ ಅಲ್ಲಿಯ ಉಷ್ಣತೆ ಸೊನ್ನೆಗಿಂತ 70ರಿಂದ 100 ಡಿಗ್ರಿ ಕೆಳಗೆ. ಅದಲ್ಲದೆ ಶನಿಯಷ್ಟು ತೂಕದ ಗ್ರಹ ಅದು, ಶನಿಯ ಹಾಗೆ ಗಟ್ಟಿ ನೆಲ ಇಲ್ಲದ್ದು, ಅಡಿಕೆ ಹರಡ್ಲಿಕ್ಕೆ ಅಂಗಳವೇ ಇಲ್ಲ.

ಮಾಷೇ, ನಿಲ್ಲುವುದು ಹೇಗೆ ಅಂತ ಕೇಳಿದ್ರಲ್ಲ, ಅದರ ಲೆಕ್ಕ ಹೋಲ್ಮನ್ ಮತ್ತು ವೀಗರ್ಟ್ ಎಂಬಿಬ್ಬರು 1999ರಲ್ಲೇ ಮಾಡಿಟ್ಟಿದ್ದಾರೆ. ಎರಡು ಸೂರ್ಯರ ನಡುವಿನ ದೂರದ ಎರಡರಿಂದ ನಾಲ್ಕು ಪಟ್ಟು ಆಚೆ ನಿಂತರೆ ಗ್ರಹಕ್ಕೆ ಜೋಡಿ ಒಂದೇ ಸೂರ್ಯನ ಹಾಗೆ, ಎಷ್ಟು ಕಾಲ ಬೇಕಾದರೂ ಸುತ್ತಬಹುದು. ಹತ್ತಿರ ಬಂದ್ರೆ ಒಂದೋ ಬೀಳ್ತದೆ, ಇಲ್ಲ ಹೊರಗೆ ಎಸೆಯಲ್ಪಡ್ತದೆ. ಕೆಪ್ಲರ್-16ರ ಸೂರ್ಯರ ನಡುವೆ ಸುಮಾರು 3.3 ಕೋಟಿ ಕಿ.ಮೀ., ಗ್ರಹ ಇರುವುದು 10.5 ಕೋಟಿ ಕಿ.ಮೀ. ದೂರದಲ್ಲಿ. ಗಡಿ ದಾಟಿ ತುಸುವೇ ಹೊರಗೆ.

ಕುಂಬಳೆ ಹುಡುಗ:
ಅಕ್ಕ, ಅಷ್ಟು ದೂರ ಯಾಕೆ? ಪಕ್ಕದ ಮನೆಯಲ್ಲೇ ಮೂರು ಸೂರ್ಯ ಉಂಟು. ಆಲ್ಫಾ ಸೆಂಟಾರಿ ಎ, ಬಿ, ಮತ್ತೆ ಪ್ರಾಕ್ಸಿಮಾ. ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ. 2016ರಲ್ಲಿ ಅಲ್ಲಿ ಭೂಮಿಯಷ್ಟೇ ತೂಕದ ಗ್ರಹ ಸಿಕ್ಕಿದೆ, ನೀರು ದ್ರವವಾಗಿ ಇರಬಹುದಾದ ದೂರದಲ್ಲಿ. ಮಾಷ್ ‘ಕಷ್ಟ’ ಅಂದದ್ದು ಹೇಗೆ?

ಪಯಸ್ವಿನಿ:
ಪ್ರಾಕ್ಸಿಮಾ ಬಿಯನ್ನು ಮೂರು ಸೂರ್ಯನ ಗ್ರಹ ಅಂತ ಕರೆಯುವುದು ಪೇಪರಿನವರ ಹೆಡ್‌ಲೈನಿಗೆ ಸರಿ. ಅಲ್ಲಿಂದ ಎ, ಬಿ ಎರಡೂ ಭೂಮಿ-ಸೂರ್ಯ ದೂರದ 13,000 ಪಟ್ಟು ಆಚೆ. ನಮ್ಮ ಶುಕ್ರನಿಗಿಂತ ಜೋರು ಹೊಳೆಯುವ ಎರಡು ಚುಕ್ಕಿ, ಅಷ್ಟೇ. ಅಲ್ಲಿಯ ಸಮಸ್ಯೆ ಸ್ವಂತ ಸೂರ್ಯನದ್ದೇ. ಕೆಂಪು ಕುಬ್ಜ ನಕ್ಷತ್ರ, ಆಗಾಗ ಜ್ವಾಲೆ ಉಗುಳ್ತದೆ. 11 ದಿನಕ್ಕೊಂದು ಸುತ್ತು ಹೋಗುವಷ್ಟು ಹತ್ತಿರ ಇರುವ ಗ್ರಹದ ಗಾಳಿ ಆ ಹೊಡೆತಕ್ಕೆ ಉಳಿದಿದೆಯೋ ಇಲ್ಲವೋ ಯಾರೂ ಕಂಡಿಲ್ಲ.

ನನ್ನ ಕೇಳಿದ್ರೆ ಸ್ವಾರಸ್ಯ ಇರುವುದು ಆಲ್ಫಾ ಸೆಂಟಾರಿ ಎ ಸುತ್ತ. ನಮ್ಮ ಸೂರ್ಯನಿಗಿಂತ ಸ್ವಲ್ಪವೇ ದೊಡ್ಡದು. ಬಿ ಅದನ್ನು 80 ವರ್ಷಕ್ಕೊಮ್ಮೆ ಸುತ್ತಿ ಬರ್ತದೆ, ಹತ್ತಿರ ಬಂದಾಗ ಶನಿಯಿಂದ ಸೂರ್ಯನಿಗೆ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ದೂರ. ಎ ಸುತ್ತ ಭೂಮಿಯಂಥ ಗ್ರಹ ಇದ್ದರೆ ಬಿಯಿಂದ ಬರುವ ಶಾಖ ಶೇ. 1ರಷ್ಟೂ ಇಲ್ಲ. ಆದರೆ ಬೆಳಕು? ಹುಣ್ಣಿಮೆಯ ನೂರಾರು ಪಟ್ಟು. ವರ್ಷದ ಅರ್ಧ ಭಾಗ ಸೂರ್ಯ ಮುಳುಗಿದ ಮೇಲೂ ಕತ್ತಲೆ ಆಗುವುದಿಲ್ಲ.

ಉಪ್ಪಳ ಎಕ್ಸ್‌ಪ್ರೆಸ್:
ಅಯ್ಯೋ, ಹಾಗಾದ್ರೆ ಬಯಲಾಟ ಆಡಿಸುವುದು ಯಾವಾಗ? ಚೌಕಿಯಿಂದ ರಕ್ಕಸ ಹೊರಟು ಬರುವಾಗ ಮಟಮಟ ಬೆಳಕು! ಕುಂಬಳೆ ಸೀಮೆಯವರು ಆ ಊರನ್ನು ಒಪ್ಪುವುದೇ ಇಲ್ಲ.

ಬದಿಯಡ್ಕ ಮಾಷ್:
ತಮಾಷೆ ಬದಿಗಿಡಿ, ಅಲ್ಲಿ ಗ್ರಹ ಸಿಕ್ಕಿದೆಯಾ?

ಪಯಸ್ವಿನಿ:
ಸುಳಿವು ಉಂಟು ಮಾಷೇ. 2024ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಎ ಪಕ್ಕದಲ್ಲಿ ಶನಿಯಷ್ಟು ತೂಕದ್ದು ಅನ್ನಬಹುದಾದ ಒಂದು ಚುಕ್ಕಿ ಹಿಡಿಯಿತು. 2025ರಲ್ಲಿ ಮತ್ತೆರಡು ಸಲ ನೋಡಿದಾಗ ಸಿಗಲಿಲ್ಲ. ನಕ್ಷತ್ರದ ತೀರಾ ಹತ್ತಿರಕ್ಕೆ ಹೋಗಿ ಮರೆಯಾಗಿರಬಹುದು ಅಂತ ವಾದ. ಮಕ್ಕಳಿಗೆ ಹೇಳುವಾಗ ‘ಅಭ್ಯರ್ಥಿ’ ಅಂತಲೇ ಹೇಳಿ, ಗೆದ್ದ ಅಂತ ಘೋಷಣೆ ಬೇಡ.

ಕುಂಬಳೆ ಹುಡುಗ:
ಎರಡನೇ ಪ್ರಶ್ನೆಗೆ ಬರುವ. ‘ಇಲ್ಲ’ ಅಂತ ಒಂದೇ ಏಟಿಗೆ ಹೇಳುವುದು ಸರಿಯಲ್ಲ ಮಾಷೇ. ಬೆಳಕಿಗಿಂತ ವೇಗದ ಕಣ ಇರಬಹುದು ಅಂತ ಬರೆದದ್ದೇ ನಮ್ಮ ಕೇರಳದವರು, ಕೋಟ್ಟಯಂ ಕಡೆಯ ಭೌತವಿಜ್ಞಾನಿ ಇ. ಸಿ. ಜಿ. ಸುದರ್ಶನ್. ಆಮೇಲೆ 1994ರಲ್ಲಿ ಅಲ್ಕುಬಿಯೆರೆ ಎಂಬ ಭೌತವಿಜ್ಞಾನಿ ವಾರ್ಪ್ ಡ್ರೈವ್ ಸಮೀಕರಣ ಬರೆದರು. ಹಡಗು ಓಡುವುದಲ್ಲ, ಅದರ ಸುತ್ತಲಿನ ಆಕಾಶವೇ ಮುಂದೆ ಕುಗ್ಗಿ ಹಿಂದೆ ಹಿಗ್ಗುವುದು. ಐನ್‌ಸ್ಟೈನ್ ಸಮೀಕರಣಕ್ಕೆ ಅದು ಸರಿಹೊಂದ್ತದೆ.

ಪಯಸ್ವಿನಿ:
ಸರಿಹೊಂದ್ತದೆ, ಆದರೆ ಅದಕ್ಕೆ ಬೇಕಾದ ಋಣ ಶಕ್ತಿ, ಅಂದ್ರೆ ಸೊನ್ನೆಗಿಂತ ಕಡಿಮೆ ಶಕ್ತಿ, ಎಲ್ಲಿಂದ ತರ್ತೀ ತಮ್ಮಾ? ಅಷ್ಟು ಪ್ರಮಾಣದಲ್ಲಿ ಅದು ಎಲ್ಲೂ ಇಲ್ಲ. ಸುದರ್ಶನ್ ಹೆಸರನ್ನು ವಾಟ್ಸಾಪಿನಲ್ಲಿ ಎಳೆಯುವ ಹಾಗೆ ಇಲ್ಲಿ ಎಳೆಯಬೇಡ. 1962ರಲ್ಲಿ ಬಿಲಾನ್ಯುಕ್, ದೇಶಪಾಂಡೆ ಜೊತೆ ಅವರು ಬರೆದದ್ದು ಇಷ್ಟೇ: ನಿಧಾನದ್ದನ್ನು ಬೆಳಕಿನ ವೇಗ ದಾಟಿಸ್ಲಿಕ್ಕೆ ಆಗುವುದಿಲ್ಲ, ಆದರೆ ಹುಟ್ಟುವಾಗಲೇ ಆಚೆ ಬದಿಯಲ್ಲಿರುವ ಕಣವನ್ನು ಸಾಪೇಕ್ಷತಾ ಸಿದ್ಧಾಂತ ತಡೆಯುವುದಿಲ್ಲ. ಟ್ಯಾಕಿಯಾನ್ ಅಂತ ಹೆಸರು ಬಂದದ್ದು 1967ರಲ್ಲಿ, ಫೈನ್‌ಬರ್ಗ್ ಇಟ್ಟದ್ದು. ಇವತ್ತಿಗೂ ಒಂದೇ ಒಂದು ಸಿಕ್ಕಿಲ್ಲ.

2011ರಲ್ಲಿ ಜಿನೀವಾದ ಸೆರ್ನ್ ಪ್ರಯೋಗಾಲಯದಿಂದ 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊ ಸೆಕೆಂಡು ಮೊದಲೇ ತಲುಪಿದವು ಅಂತ ದೊಡ್ಡ ಗದ್ದಲ ಎದ್ದಿತ್ತು. ಕೊನೆಗೆ ನೋಡಿದರೆ ಕೇಬಲ್ ಸರಿಯಾಗಿ ಸಿಕ್ಕಿಸಿರಲಿಲ್ಲ.

ಪೆರ್ಲದ ಕೃಷಿಕ:
ಎಂಜಿನ್ ಸುಧಾರಿಸಿದರೆ ಮುಂದೊಂದು ದಿನ ಆಗ್ಲಿಕ್ಕಿಲ್ವಾ? ಹಿಂದೆ ವಿಮಾನವೂ ಆಗುವುದಿಲ್ಲ ಅಂತಿದ್ರು.

ಪಯಸ್ವಿನಿ:
ಎಂಜಿನ್ನಿನ ವಿಷಯ ಅಲ್ಲ ಅಣ್ಣ. ಬೆಳಕಿಗಿಂತ ಬೇಗ ಸಂದೇಶ ಕಳಿಸಿದರೆ, ಓಡುತ್ತಿರುವ ಇನ್ನೊಬ್ಬರ ಗಡಿಯಾರದಲ್ಲಿ ಅದು ಹೊರಡುವ ಮೊದಲೇ ತಲುಪಿರ್ತದೆ. ಅವರೂ ಅಷ್ಟೇ ವೇಗದಲ್ಲಿ ಉತ್ತರಿಸಿದರೆ ನೀವು ಪ್ರಶ್ನೆ ಕೇಳುವ ಮೊದಲೇ ಉತ್ತರ ನಿಮ್ಮ ಕೈಗೆ. ಆಗ ಆ ಪ್ರಶ್ನೆ ಕೇಳದೇ ಇರಬಹುದಲ್ಲ? ಸಿಕ್ಕು ಇರುವುದು ಅಲ್ಲಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪ್ರಯಾಣಿಕನಿಗೆ ಬೆಳಕನ್ನು ಮೀರುವ ಅಗತ್ಯವೇ ಇಲ್ಲ. ಬೆಳಕಿನ ವೇಗದ ಶೇ. 99.5ರಲ್ಲಿ ಪ್ರಾಕ್ಸಿಮಾಕ್ಕೆ ಹೋದರೆ ನಮ್ಮ ಕ್ಯಾಲೆಂಡರಿನಲ್ಲಿ ನಾಲ್ಕು ವರ್ಷ ಚಿಲ್ಲರೆ, ಹಡಗಿನೊಳಗೆ ಬರೀ ಐದು ತಿಂಗಳು. ಇದು ಕತೆಯಲ್ಲ. ಆಕಾಶದ ಎತ್ತರದಲ್ಲಿ ಹುಟ್ಟುವ ಮ್ಯೂಆನ್ ಕಣದ ಆಯುಸ್ಸು 2.2 ಮೈಕ್ರೊ ಸೆಕೆಂಡು. ಆ ಲೆಕ್ಕದಲ್ಲಿ ಒಂದು ಕಿ.ಮೀ. ದಾಟುವುದರೊಳಗೆ ಹೆಚ್ಚಿನವು ಮುಗಿಯಬೇಕು, ಆದರೆ ನೆಲದವರೆಗೂ ಬರ್ತವೆ. ಅವುಗಳ ಗಡಿಯಾರ ನಿಧಾನ.

ಉಪ್ಪಳ ಎಕ್ಸ್‌ಪ್ರೆಸ್:
ನಮ್ಮ ದುಬೈ ಇದರ ಉಲ್ಟಾ. ಒಳಗೆ ಇರುವವನಿಗೆ ನಾಲ್ಕು ವರ್ಷ, ಊರಿನವರಿಗೆ ‘ಮೊನ್ನೆ ಹೋದವ ಅಲ್ವಾ?’

ಕುಂಬಳೆ ಹುಡುಗ:
ಹಾಗಾದ್ರೆ ಶೇ. 99.5 ಸಾಕು, ಮುಗೀತಲ್ಲ!

ಪಯಸ್ವಿನಿ:
ಖರ್ಚು ಕೇಳು. ಒಂದೇ ಒಂದು ಕಿಲೋ ಅಡಿಕೆಗೆ ಆ ವೇಗ ಕೊಡ್ಲಿಕ್ಕೆ ಇಡೀ ಭಾರತ ಒಂದು ವರ್ಷದಲ್ಲಿ ಉತ್ಪಾದಿಸುವ ವಿದ್ಯುತ್ತಿನ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಬೇಕು. ಅಲ್ಲಿ ನಿಲ್ಲಿಸುವ ಖರ್ಚು ಬೇರೆ. 1977ರಲ್ಲಿ ಹೊರಟ ವೊಯೇಜರ್-1 ಸೆಕೆಂಡಿಗೆ 17 ಕಿ.ಮೀ. ಓಡ್ತಿದೆ, ಆ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರಕ್ಕೆ ಸುಮಾರು 75,000 ವರ್ಷ.

ಪೆರ್ಲದ ಕೃಷಿಕ:
ಅಲ್ಲಿಗೆ ನನ್ನ ಮಾತೇ ನಿಂತಿತಲ್ಲ. ಹೋಗ್ಲಿಕ್ಕಾಗದ ಊರಿನ ದಾರಿ ಮಕ್ಕಳಿಗೆ ಯಾಕೆ? ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳೇ ಕಮ್ಮಿ, ಇದ್ದವರಿಗೆ ಹೊಟ್ಟೆಗೆ ಆಗುವ ವಿದ್ಯೆ ಕಲಿಸಿ.

ಬದಿಯಡ್ಕ ಮಾಷ್:
ಕೃಷಿಕರೇ, ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. 2019ರ ಡಿಸೆಂಬರ್ 26ರಂದು ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ನೋಡಿದ್ದೇವಲ್ಲ, ಸೂರ್ಯನಿಗೆ ಚಂದ್ರ ಅಡ್ಡ ಬಂದು ಬೆಳಕು ಇಳಿಯಿತು. ನಕ್ಷತ್ರಕ್ಕೆ ಗ್ರಹ ಅಡ್ಡ ಬಂದಾಗಲೂ ಅದೇ, ಬೆಳಕು ಸ್ವಲ್ಪ ಕುಸಿಯುತ್ತದೆ. ಕೆಪ್ಲರ್ ಎಂಬ ಬಾಹ್ಯಾಕಾಶ ದೂರದರ್ಶಕ 2,600ಕ್ಕೂ ಹೆಚ್ಚು ಗ್ರಹ ಹಿಡಿದದ್ದು ಹೀಗೆ, ಎಲ್ಲಿಗೂ ಹೋಗದೆ. ಅದೇ 2019ರ ಬೇಸಗೆಯಲ್ಲಿ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಇಂಟರ್ನ್‌ಶಿಪ್ಪಿಗೆ ಹೋದ 17 ವರ್ಷದ ವುಲ್ಫ್ ಕುಕಿಯರ್ ಮೂರನೇ ದಿನಕ್ಕೇ ಟಿಒಐ-1338 ಎಂಬ ಜೋಡಿ ನಕ್ಷತ್ರದ ದತ್ತಾಂಶದಲ್ಲಿ ಒಂದು ಕುಸಿತ ಗುರುತಿಸಿದ. ಅದು ಎರಡು ಸೂರ್ಯನ ಗ್ರಹ. ನಮ್ಮ ಹುಡುಗಿಗಿಂತ ಎರಡೋ ಮೂರೋ ವರ್ಷ ದೊಡ್ಡವ, ಅಷ್ಟೇ.

ಪೆರ್ಲದ ಕೃಷಿಕ:
ಅವನಿಗೆ ನಾಸಾ ಇತ್ತು. ಇಲ್ಲಿ ಲ್ಯಾಬಿನಲ್ಲಿ ಲೆನ್ಸ್ ಇಲ್ಲ.

ಪಯಸ್ವಿನಿ:
ಕೆಪ್ಲರ್ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಅಣ್ಣ, ಒಂದು ಕಂಪ್ಯೂಟರ್ ಇದ್ದರೆ ಸಾಕು. ಲೆನ್ಸೂ ಬೇಕು, ಅದರ ಜಗಳ ಪಿಟಿಎ ಮೀಟಿಂಗಿನಲ್ಲಿ ಮಾಡುವ, ನಾನೂ ಬರ್ತೇನೆ.

ಮಾಷೇ, ಆಲ್ಫಾ ಸೆಂಟಾರಿ ನಮ್ಮಲ್ಲಿಂದ ಕಾಣ್ತದೆ. ಮೇ ತಿಂಗಳಲ್ಲಿ ಮಳೆಗೆ ಮೊದಲು, ರಾತ್ರಿ ಹನ್ನೊಂದರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ. ತ್ರಿಶಂಕು ನಕ್ಷತ್ರಪುಂಜದ ಎಡಗಡೆ ಎರಡು ಜೋರು ನಕ್ಷತ್ರ, ಅದರಲ್ಲಿ ತ್ರಿಶಂಕುವಿನಿಂದ ದೂರದ್ದು. ತೆಂಗಿನ ಮರ ಅಡ್ಡ ಇರದ ಜಾಗ ಬೇಕು, ತುಂಬಾ ತಗ್ಗಿನಲ್ಲಿರ್ತದೆ. ಸಣ್ಣ ಟೆಲಿಸ್ಕೋಪ್ ಇದ್ದರೆ ಎ, ಬಿ ಬೇರೆ ಬೇರೆಯಾಗಿ ಕಾಣ್ತವೆ.

ಪೆರ್ಲದ ಕೃಷಿಕ:
ನಮ್ಮ ಗುಡ್ಡದ ಮೇಲೆ ಮರ ಇಲ್ಲ. ಮಕ್ಕಳನ್ನು ಕರ್ಕೊಂಡು ಬನ್ನಿ, ಆದರೆ ರಾತ್ರಿ ಹಂದಿ ಬರ್ತದೆ, ಟಾರ್ಚ್ ತನ್ನಿ.