ಊರಿನ ಪೊಲೀಸ್ ನಾಯಿಗೆ ಕನ್ನಡ ಕೂಟದ ದೇಣಿಗೆ: ಮೊದಲು ಏನನ್ನು ವಿಚಾರಿಸಬೇಕು?

ಪ್ರಶ್ನೆ (ಒಹಾಯೋದಿಂದ)

ಎಲ್ಲರಿಗೂ ನಮಸ್ಕಾರ. ನಾವಿರುವ ಸಣ್ಣ ಊರಿನ ಪೊಲೀಸ್ ಇಲಾಖೆಯಲ್ಲಿದ್ದ ಒಂದೇ ನಾಯಿ ವಯಸ್ಸಾಗಿ ನಿವೃತ್ತಿಯಾಗಿದೆ. ಹೊಸದನ್ನು ಕೊಳ್ಳಲು ಬಜೆಟ್ಟಿನಲ್ಲಿ ಹಣವಿಲ್ಲದ್ದರಿಂದ ಶಾಲೆ, ಚರ್ಚು, ಅಂಗಡಿಗಳವರು ಸೇರಿ ಚಂದಾ ಎತ್ತುತ್ತಿದ್ದಾರೆ. ಮರೆವಿನ ಕಾಯಿಲೆಯಿದ್ದ ನಮ್ಮ ಹಿರಿಯರೊಬ್ಬರು ದಾರಿ ತಪ್ಪಿದ್ದಾಗ ಅದೇ ನಾಯಿ ಜಾಡು ಹಿಡಿದು ಅವರನ್ನು ಹುಡುಕಿಕೊಟ್ಟಿತ್ತು. ಆ ಋಣವನ್ನು ನೆನೆದು, ರಾಜ್ಯೋತ್ಸವದ ಊಟದಲ್ಲಿ ಉಳಿಯುವ ಹಣವನ್ನು ಕೊಡೋಣವೆಂದುಕೊಂಡಿದ್ದೇವೆ. ತಿಳಿದವರು ಸಲಹೆ ನೀಡಬೇಕು.

ಉತ್ತರ (ಫ್ಲಾರಿಡಾದಿಂದ)

ಇಂಥದೇ ಸಮಿತಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಂಡಿದ್ದೇನೆ. ತರಬೇತಿಯಾದ ನಾಯಿಗೆ 10,000 ಡಾಲರಿಗೂ ಹೆಚ್ಚು ಬೀಳುತ್ತದೆ. ಆದರೆ ಹಣ ನಿಜವಾಗಿ ಕರಗುವುದು ಆಮೇಲೆ. ಕಾರಿನಲ್ಲಿ ಬಿಸಿ ಏರಿದರೆ ಎಚ್ಚರಿಸುವ ಉಪಕರಣ, ಪಶುವೈದ್ಯರ ಖರ್ಚು, ಪ್ರತಿವರ್ಷದ ತರಬೇತಿ, ಮನೆಯಲ್ಲಿ ನಾಯಿಯನ್ನು ನೋಡಿಕೊಳ್ಳುವ ಹೊತ್ತಿಗೂ ಹ್ಯಾಂಡ್ಲರ್‌ಗೆ (ನಾಯಿಯ ಜೊತೆಗಾರ ಪೊಲೀಸನಿಗೆ) ಕೊಡಬೇಕಾದ ಸಂಬಳ, ಇವೆಲ್ಲ ವರ್ಷಗಟ್ಟಲೆ ಇರುತ್ತವೆ. ಗುಂಡುನಿರೋಧಕ ಕವಚಕ್ಕೆ ಮಾತ್ರ ನೀವು ಚಿಂತಿಸಬೇಕಿಲ್ಲ. ಮ್ಯಾಸಚೂಸೆಟ್ಸ್‌ನ 'ವೆಸ್ಟೆಡ್ ಇಂಟರೆಸ್ಟ್ ಇನ್ ಕೆ9ಸ್' ಸಂಸ್ಥೆ 2009ರಿಂದ ದಾನಿಗಳ ಹಣದಲ್ಲಿ ಅದನ್ನು ಒದಗಿಸುತ್ತಿದೆ.

ನಿವೃತ್ತಿಯ ಮಾತನ್ನು ಈಗಲೇ ಎತ್ತಿರಿ. ಎಷ್ಟೋ ಊರುಗಳಲ್ಲಿ ನಿವೃತ್ತ ನಾಯಿಯ ಔಷಧೋಪಚಾರವನ್ನು ಹ್ಯಾಂಡ್ಲರ್ ತನ್ನ ಜೇಬಿನಿಂದಲೇ ಭರಿಸುತ್ತಾನೆ. ನಮ್ಮ ರಾಜ್ಯ 2022ರಲ್ಲಿ ಇದಕ್ಕಾಗಿ ಕಾನೂನು ತಂದು, ಪ್ರತಿ ನಾಯಿಗೆ ವರ್ಷಕ್ಕೆ 1,500 ಡಾಲರ್‌ವರೆಗೆ ನೆರವು ಕೊಡುತ್ತದೆ. ಊರಿಗಾಗಿ ಎಂಟು ವರ್ಷ ದುಡಿದ ಜೀವವನ್ನು ಮುಪ್ಪಿನಲ್ಲಿ ಕೈಬಿಡುವುದು ನನಗೆ ಸಹಿಸಲಾಗದ ಸಂಗತಿ.

ಉತ್ತರ (ಕೊಲರಾಡೋದಿಂದ)

ಯಾವ ಕೆಲಸದ ನಾಯಿ ಎಂಬುದನ್ನೂ ಕೇಳಿರಿ. ಒಹಾಯೋದಲ್ಲಿ 2023ರ ಮತದಾನದ ನಂತರ ವಯಸ್ಕರಿಗೆ ಗಾಂಜಾ ಕಾನೂನುಬದ್ಧವಾಗಿದೆ. ಮಾದಕವಸ್ತು ಹುಡುಕುವ ನಾಯಿಯು ತಾನು ಹಿಡಿದ ವಾಸನೆ ಗಾಂಜಾದ್ದೋ ಹೆರಾಯಿನ್ನದ್ದೋ ಎಂದು ಬಿಡಿಸಿ ಹೇಳಲಾರದು, ಕಲಿತ ವಾಸನೆಯನ್ನು ಅದಕ್ಕೆ ಮರೆಸುವುದೂ ಬಹಳ ಕಷ್ಟ. ಈ ಕಾರಣಕ್ಕೇ ನಮ್ಮ ರಾಜ್ಯದ ಸುಪ್ರೀಂ ಕೋರ್ಟು 2019ರಲ್ಲಿ, ಗಾಂಜಾ ಕಲಿತ ನಾಯಿಯಿಂದ ಮೂಸಿಸುವುದೇ ಒಂದು ಶೋಧನೆ, ಅದಕ್ಕೆ ಮೊದಲೇ ತಕ್ಕ ಕಾರಣವಿರಬೇಕು ಎಂದು ತೀರ್ಪು ಕೊಟ್ಟಿತು. ಜನರ ಮೇಲೆ ನಾಯಿಯನ್ನು ಬಿಡುವ ನಿಯಮಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಾಯಿ ಕಚ್ಚಿದರೆ ಆಗುವ ಗಾಯ ಸಣ್ಣದಲ್ಲ, ನಮ್ಮ ಹಣದಿಂದ ಬಂದ ನಾಯಿಯೆಂದಮೇಲೆ ಆ ಹೊಣೆಯಲ್ಲಿ ನಮಗೂ ಪಾಲಿದೆ.

ಉತ್ತರ (ಬೆಂಗಳೂರಿನಿಂದ)

ಇಲ್ಲಿ ಶ್ವಾನದಳದ ಖರ್ಚನ್ನು ಸರ್ಕಾರವೇ ಭರಿಸುತ್ತದೆ. ನಗರದ ಹೊರವಲಯದ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯದೇ (ಸಿಆರ್‌ಪಿಎಫ್) ನಾಯಿಗಳ ತಳಿ ಮತ್ತು ತರಬೇತಿ ಶಾಲೆಯಿದೆ. ದಳದಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು ಹೇಳುತ್ತೇನೆ: ಹ್ಯಾಂಡ್ಲರ್ ಎಷ್ಟು ವರ್ಷ ಆ ಊರಿನಲ್ಲಿ ಉಳಿಯುತ್ತಾರೆಂದು ಕೇಳಿರಿ. ಅವರು ಬಿಟ್ಟುಹೋದರೆ ಎಂಥ ಜಾಣ ನಾಯಿಯೂ ಮಂಕಾಗುತ್ತದೆ, ಹೊಸಬರೊಡನೆ ಮತ್ತೆ ಪಳಗಲು ತಿಂಗಳುಗಳು ಹಿಡಿಯುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಹಣವನ್ನು ಜಾಡು ಹಿಡಿಯುವ ತರಬೇತಿಗೂ ನಿವೃತ್ತಿಯ ನಂತರದ ಚಿಕಿತ್ಸೆಗೂ ಮೀಸಲಿಡಬೇಕೆಂಬ ಷರತ್ತನ್ನು ಪತ್ರದಲ್ಲಿ ಬರೆದು, ಈ ಪ್ರಶ್ನೆಗಳೊಂದಿಗೆ ನಗರಸಭೆಗೆ ಕೊಡುತ್ತೇವೆ.