ಹಳೇ ಗಾಲ್ಫ್ ಸ್ಟಿಕ್ ಕೊಳ್ಳೋದು, ಕಾಪಾಡೋದು, ಮಾರೋದು: ಅನುಭವ ಇದ್ದವರು ಹೇಳಿ

ಕೇಳಿದವರು, ಸುಂಟಿಕೊಪ್ಪದಿಂದ

ನಮಸ್ಕಾರ. ನಮ್ಮ ಪಕ್ಕದ ತೋಟದ ಹಳೇ ಬಂಗಲೆ ರಿಪೇರಿ ಮಾಡುವಾಗ ಅಟ್ಟದಲ್ಲಿ ಒಂದು ಕ್ಯಾನ್ವಾಸ್ ಚೀಲ ಸಿಕ್ಕಿತು. ಒಳಗೆ ಹನ್ನೊಂದು ಗಾಲ್ಫ್ ಸ್ಟಿಕ್. ಆರಕ್ಕೆ ಮರದ ಕೋಲು, ಉಳಿದವಕ್ಕೆ ಸ್ಟೀಲ್. ಮೂರು ಸಾವಿರ ಕೊಟ್ಟು ಎಲ್ಲಾ ತಗೊಂಡು ಹೋಗಿ ಅಂದರು, ತಂದುಬಿಟ್ಟೆ. ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ ಆಗಾಗ ಆಡುತ್ತೇನೆ, ಆದರೆ ಹಳೇ ಸ್ಟಿಕ್ ಬಗ್ಗೆ ಏನೂ ಗೊತ್ತಿಲ್ಲ. ಈಗ ಇದರ ಹುಚ್ಚು ಹತ್ತಿದೆ. ಇನ್ನಷ್ಟು ಕೊಳ್ಳಬೇಕು, ಬೇಡದ್ದನ್ನು ಮಾರಬೇಕು ಅಂತ ಆಸೆ. ಒಳ್ಳೆಯದು ಯಾವುದು ಅಂತ ತಿಳಿಯೋದು ಹೇಗೆ? ತುಕ್ಕು ಉಜ್ಜಿಸಿ ಪಾಲಿಶ್ ಮಾಡಿಸಲಾ? ನಮ್ಮ ಮಳೆಗೆ ಎಲ್ಲಿಡಲಿ?

ವಿರಾಜಪೇಟೆಯಿಂದ

ಅಣ್ಣ, ಮೊದಲು ಆ ಪಾಲಿಶ್ ಯೋಚನೆ ಬಿಡಿ. ಬೇರೆ ಎಲ್ಲಾ ತಪ್ಪನ್ನೂ ಸರಿಮಾಡಬಹುದು, ಇದೊಂದನ್ನು ಆಗಲ್ಲ.

ನಾನು ಕೊಂಡ ಮೊದಲ ಸ್ಟಿಕ್ ಒಂದು ನಿಬ್ಲಿಕ್. ಈಗಿನ ಒಂಬತ್ತನೇ ನಂಬರ್ ಐರನ್, ಅಂದರೆ ಲೋಹದ ತಲೆಯ ಸ್ಟಿಕ್ ಥರದ್ದು, ಅಗಲ ಮುಖ. ಕಪ್ಪಗಿತ್ತು. ವೆಲ್ಡಿಂಗ್ ಶಾಪಿಗೆ ಒಯ್ದು ಚಕ್ರಕ್ಕೆ ಕೊಟ್ಟೆ. ಹತ್ತು ನಿಮಿಷದಲ್ಲಿ ಸ್ಟೀಲ್ ಲೋಟದ ಹಾಗೆ ಹೊಳೆಯಿತು. ಮನೆಗೆ ಬಂದು ಬೆಳಕಿಗೆ ಹಿಡಿದರೆ ಹಿಂಬದಿಯಲ್ಲಿ ಒಂದು ಸಣ್ಣ ಗೆರೆ ಮಾತ್ರ ಉಳಿದಿತ್ತು. ಆಮೇಲೆ ಗೊತ್ತಾಯಿತು, ಅದು ಹೊಗೆ ಸೇದುವ ಮಣ್ಣಿನ ಪೈಪಿನ ಬಾಲ. ಸೇಂಟ್ ಆಂಡ್ರ್ಯೂಸಿನ ಟಾಮ್ ಸ್ಟೀವರ್ಟ್ ಕಮ್ಮಾರಸಾಲೆಯ ಗುರುತು ಆ ಪೈಪು. ಅಂಥ ಗುರುತಿಗೇ ಜನ ಹುಡುಕಿಕೊಂಡು ಬರುತ್ತಾರೆ. ನಾನು ದುಡ್ಡು ಕೊಟ್ಟು ಅಳಿಸಿಕೊಂಡಿದ್ದೆ. ಆ ನಿಬ್ಲಿಕ್ ಇವತ್ತಿಗೂ ನನ್ನ ಹತ್ತಿರ ಇದೆ, ಮಾರಲು ಮನಸ್ಸಿಲ್ಲ.

ಹಾಗಾಗಿ ತಲೆಯ ಹಿಂಬದಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಪೈಪು ಕಂಡರೆ ಸ್ಟೀವರ್ಟ್. ಕೈಯ ಗುರುತಿದ್ದರೆ ಲೆವೆನ್ ಊರಿನ ಜಾರ್ಜ್ ನಿಕಲ್. ನಕ್ಷತ್ರ ಇದ್ದರೆ ಕಿಂಗ್‌ಹಾರ್ನಿನ ಗಿಬ್ಸನ್. ಮೂವರೂ ಸ್ಕಾಟ್ಲೆಂಡಿನವರು. ಎಷ್ಟೋ ಸ್ಟಿಕ್ ಮೇಲೆ ಮಾಡಿದವರ ಗುರುತಿನ ಜೊತೆಗೆ ಮಾರಿದ ಅಂಗಡಿಯ ಹೆಸರೂ ಇರುತ್ತದೆ. ನಮ್ಮ ಕಡೆ ಸಿಗುವುದರಲ್ಲಿ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಹೆಸರು ಹುಡುಕಿ. ಅವರ ಅಂಗಡಿ ಬೊಂಬಾಯಿ, ಕಲ್ಕತ್ತಾದಲ್ಲೂ ಇತ್ತು.

ಕಾಲ ಅಂದಾಜು ಮಾಡೋದು ಅಷ್ಟೇನೂ ಕಷ್ಟ ಇಲ್ಲ. ಮ್ಯಾಶಿ, ನಿಬ್ಲಿಕ್, ಕ್ಲೀಕ್, ಬ್ರಾಸಿ, ಸ್ಪೂನ್ ಅಂತ ನಂಬರ್ ಇಲ್ಲದೆ ಬರೀ ಸ್ಟಿಕ್ಕಿನ ಹೆಸರಿದ್ದರೆ ಸಾಮಾನ್ಯವಾಗಿ ಹಿಕರಿ ಕೋಲಿನ ಕಾಲದ್ದು. ಹಿಕರಿ ಅಂದರೆ ಅಮೆರಿಕದ ಗಟ್ಟಿ ಮರ. ಸ್ಟೀಲ್ ಕೋಲಿಗೆ ಆಟದ ನಿಯಮ ಮಾಡುತ್ತಿದ್ದ ಸೇಂಟ್ ಆಂಡ್ರ್ಯೂಸಿನ ಆರ್ ಅಂಡ್ ಎ ಕ್ಲಬ್ ಒಪ್ಪಿಗೆ ಕೊಟ್ಟಿದ್ದು 1929ರಲ್ಲಿ. ಆಮೇಲೆ ನಂಬರ್ ಹಾಕಿ, ಒಂದಕ್ಕೊಂದು ಹೊಂದುವ ಹಾಗೆ ಮಾಡಿದ ಸೆಟ್‌ಗಳದ್ದೇ ಕಾಲ. ಆಡುವಾಗ ಒಬ್ಬರ ಬಳಿ ಹದಿನಾಲ್ಕಕ್ಕಿಂತ ಹೆಚ್ಚು ಸ್ಟಿಕ್ ಇರಬಾರದು ಅನ್ನೋ ನಿಯಮ ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ 1939ರಲ್ಲಿ ಬಂತು.

ಇಲ್ಲಿ ಒಂದು ಎಚ್ಚರ ಬೇಕು. ಮೊದಮೊದಲ ಸ್ಟೀಲ್ ಕೋಲುಗಳಿಗೆ ಮರದ ಬಣ್ಣದ ಹೊದಿಕೆ ಹಾಕುತ್ತಿದ್ದರು, ಆಡುವವರ ಕಣ್ಣಿಗೆ ಹೊಸದು ಅನ್ನಿಸಬಾರದು ಅಂತ. ಒಬ್ಬ ವ್ಯಾಪಾರಿ ಅಂಥ ನಾಲ್ಕನ್ನು ಹಿಕರಿ ಅಂತಲೇ ನನಗೆ ಮಾರಿದ್ದ. ಅವತ್ತಿನಿಂದ ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡೇ ಹೋಗುತ್ತೇನೆ. ಕೋಲಿಗೆ ಅಂಟಿಕೊಂಡರೆ ಅದು ಮರ ಅಲ್ಲ.

ಕೋಲು ನೆಟ್ಟಗಿದೆಯಾ ಅಂತ ನೋಡೋದು ನಮ್ಮ ಕೊಡಗಿನವರಿಗೆ ಹೇಳಿಕೊಡಬೇಕಾ? ಕೋವಿಯ ನಳಿಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಹಿಡಿಯ ಕಡೆಯಿಂದ ನೋಡಿ, ನಿಧಾನಕ್ಕೆ ತಿರುಗಿಸಿ. ಸ್ವಲ್ಪ ಬಾಗಿದ್ದರೆ ತೊಂದರೆ ಇಲ್ಲ. ಆಮೇಲೆ ತಲೆಯನ್ನು ಕಿವಿ ಹತ್ತಿರ ಅಲ್ಲಾಡಿಸಿ. ಟಕ್ ಅಂತ ಸದ್ದು ಬಂದರೆ ಕುತ್ತಿಗೆಯೊಳಗೆ ಕೋಲು ಸಡಿಲವಾಗಿದೆ. ಗೋಡೆಗೆ ಸರಿ, ಆಟಕ್ಕೆ ಬೇಡ. ಹೊಡೆಯುವಾಗ ತಲೆ ಕಿತ್ತು ಯಾರಿಗಾದರೂ ತಾಗಿದರೆ ಏನು ಗತಿ.

ದೂರ ಹೊಡೆಯಲು ಬಳಸುವ ಮರದ ತಲೆಯ ಡ್ರೈವರ್‌ಗೆ ಬೇರೆ ಪರೀಕ್ಷೆ. ಒಳ್ಳೆಯವು ಪರ್ಸಿಮನ್ ಮರದವು, ನಮ್ಮ ಕರಿಮರ, ಬೀಡಿ ಎಲೆ ಮರದ ಬಳಗದ್ದೇ. ಅದರಲ್ಲಿ ಒಂದೇ ಮರದ ಎಳೆ ತುದಿಯಿಂದ ತುದಿಗೆ ಹರಿದಿರುತ್ತದೆ. ಪ್ಲೈವುಡ್ಡಿನ ಹಾಗೆ ಪದರ ಪದರ ಕಂಡರೆ ಅದು ಮೇಪಲ್ ಮರದ ಹಾಳೆ ಅಂಟಿಸಿ ಮಾಡಿದ್ದು. ಅದನ್ನೂ ಪರ್ಸಿಮನ್ ಅಂತ ಮಾರುವವರು ಇದ್ದಾರೆ. ಕುತ್ತಿಗೆಗೆ ಸುತ್ತಿದ ಕಪ್ಪು ದಾರದ ಕೆಳಗೆ ಬಿರುಕು ಅಡಗಿರುತ್ತದೆ. ದಾರ ಹೊಸದಾಗಿ ಕಂಡರೆ ಯಾಕೆ ಸುತ್ತಿದ್ದು ಅಂತ ಕೇಳಿ. 1979ರಲ್ಲಿ ಟೇಲರ್‌ಮೇಡ್ ಕಂಪನಿ ಲೋಹದ ತಲೆಯ ಡ್ರೈವರ್ ತಂದ ಮೇಲೆ ಪರ್ಸಿಮನ್ ನಿಧಾನಕ್ಕೆ ಮೂಲೆ ಸೇರಿತು. ಆದರೆ ಅದರಲ್ಲಿ ಚೆಂಡು ಸರಿಯಾಗಿ ಸಿಕ್ಕಾಗ ಕೈಗೆ ಬರುವ ಆ ಮೆತ್ತನೆ ಪೆಟ್ಟು ಇದೆಯಲ್ಲ, ಒಮ್ಮೆ ಆಡಿ ನೋಡಿ, ನಾನು ಹೇಳೋದು ಅರ್ಥವಾಗುತ್ತದೆ.

ಮಡಿಕೇರಿಯಿಂದ

ಮಳೆಗಾಲದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮಾವ ಇಲ್ಲಿನ ಡೌನ್ಸ್ ಗಾಲ್ಫ್ ಮೈದಾನದಲ್ಲಿ ಆಡುತ್ತಿದ್ದ ಸ್ಟಿಕ್‌ಗಳನ್ನು ನಾನೇ ನೋಡಿಕೊಳ್ಳೋದು. ಜೂನ್‌ನಿಂದ ಸೆಪ್ಟೆಂಬರ್ ತನಕ ಚೀಲದೊಳಗೆ ಮಾತ್ರ ಇಡಬೇಡಿ. ಚರ್ಮದ ಹಿಡಿಗೆ ಬೂಷ್ಟು ಹಿಡಿಯುತ್ತದೆ, ಚೀಲದ ತಳದ ತೇವಕ್ಕೆ ತಲೆಗಳು ತುಕ್ಕಾಗುತ್ತವೆ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಹಿಕರಿ ಬಾಗುತ್ತದೆ. ನಾವು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಎರಡು ಮರದ ಗೂಟದ ಮೇಲೆ ಅಡ್ಡಲಾಗಿ ಮಲಗಿಸಿ ಇಡುತ್ತೇವೆ. ಆ ಕೋಣೆ ಬೆಚ್ಚಗಿರುತ್ತದೆ. ಹಾಗಂತ ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಅಲ್ಲಿ ಮರ ಜಾಸ್ತಿ ಒಣಗಿ ತಲೆ ಸಡಿಲವಾಗುತ್ತದೆ. ಒಂದು ಮಳೆಗಾಲದಲ್ಲಿ ನಮಗೆ ಎರಡು ಹಾಗೇ ಹೋದವು.

ಕೈಲ್ ಪೊಳ್ದ್‌ಗೆ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಕೋವಿ ಒರೆಸುವಾಗ ಅದೇ ಎಣ್ಣೆಯಲ್ಲಿ ಕಬ್ಬಿಣದ ತಲೆಗಳನ್ನೂ ಒರೆಸುತ್ತೇನೆ. ತೆಳ್ಳಗೆ ಒಂದು ಕೈ ಸಾಕು. ಮರದ ಕೋಲಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅಂತ ಕೇಳಿ. ಹಚ್ಚಿ ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ ತೆಗೀಬೇಕು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಹೊರಗೆ ಬಿಡಿಸಿ ಒಣಗಿಸಿ. ಕೋಲಿನಲ್ಲಿ ಸೂಜಿ ಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಬಿದ್ದಿದೆ ಅಂತ. ಅದನ್ನು ಕೂಡಲೇ ಬೇರೆ ಇಡಿ.

ಬೆಂಗಳೂರಿನಿಂದ, ಊರು ಪಾಲಿಬೆಟ್ಟ

ಮಾರುವ ವಿಷಯ. ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಬೇಗ ಹೋಗುತ್ತದೆ. ಒಂದು, ಎರಡನೇ ನಂಬರ್ ಐರನ್‌ಗಳು ವರ್ಷಗಟ್ಟಲೆ ಕೂರುತ್ತವೆ, ಅವನ್ನು ಹೊಡೆಯೋದು ಕಷ್ಟ, ಯಾರಿಗೂ ಬೇಡ. ಪಿಂಗ್ ಕಂಪನಿಯ ಆನ್ಸರ್ ಪಟರ್ ಸಿಕ್ಕರೆ ಅಡಿಭಾಗ ಓದಿ. ಕಾರ್ಸ್ಟನ್ ಸೋಲ್‌ಹೈಮ್ 1966ರಲ್ಲಿ ರೂಪಿಸಿದ್ದು ಅದು. ಸ್ಕಾಟ್ಸ್‌ಡೇಲ್ ಅಂತ ಊರಿನ ಹೆಸರು ಅಚ್ಚಿರುವ ಮೊದಲಿನವಕ್ಕೆ ಒಳ್ಳೆ ಬೆಲೆ ಇದೆ. ಆದರೆ ಆ ಹೆಸರನ್ನು ಕಂಪನಿ ಆಮೇಲೂ ಬಳಸಿದೆ, ಅಚ್ಚು ನೋಡಿ ಆತುರ ಬೀಳಬೇಡಿ.

ಫೋಟೋ ತೆಗೆಯುವಾಗ ಮುಖ, ಹಿಂಬದಿ, ಅಡಿ, ಕುತ್ತಿಗೆ, ಹಿಡಿ, ಪೂರ್ತಿ ಉದ್ದ, ಎಲ್ಲವೂ ಇರಲಿ. ಬಿರುಕಿದ್ದರೆ ಬಿರುಕಿನದ್ದೇ ಒಂದು ಫೋಟೋ ಹಾಕಿ. ನಾನು ಹೀಗೆ ಮಾಡಲು ಶುರುಮಾಡಿದ ಮೇಲೆ ಒಂದೂ ವಾಪಸ್ ಬಂದಿಲ್ಲ. ಕಳಿಸುವಾಗ ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು ಕತ್ತರಿಸಿ ಅದರೊಳಗೆ ಕೋಲು ಹಾಕಿ, ತಲೆಗೆ ಗೋಣಿ ಸುತ್ತಿ. ರಟ್ಟಿನ ಡಬ್ಬ ದಾರಿಯಲ್ಲಿ ಮಡಚಿಕೊಳ್ಳುತ್ತದೆ. ಸಡಿಲವಾದವನ್ನು, ಬಿರುಕು ಬಿಟ್ಟವನ್ನು ಹೋಂಸ್ಟೇಯವರು ಗೋಡೆಗೆ ಕೊಳ್ಳುತ್ತಾರೆ. ಆಡಲು ಆಗಲ್ಲ ಅಂತ ಬರೆದೇ ಕೊಡಿ. ವಿದೇಶದಿಂದ ತರಿಸುವ ಆಸೆ ಈಗಲೇ ಬೇಡ, ಸಾಗಾಣಿಕೆ ಮತ್ತು ಕಸ್ಟಮ್ಸ್ ಸೇರಿ ಸ್ಟಿಕ್ಕಿಗಿಂತ ಜಾಸ್ತಿ ಆಗಿದ್ದು ನನಗೆ ಎರಡು ಸಲ.

ಇನ್ನೊಂದು. ಎಲ್ಲಿಂದ ಬಂತು ಅಂತ ಚೀಟಿ ಬರೆದು ಕಟ್ಟಿ. ಯಾವ ತೋಟ, ಯಾವ ವರ್ಷ ಸಿಕ್ಕಿತು, ಯಾರು ಆಡುತ್ತಿದ್ದರು. ಒಂದೇ ಬಂಗಲೆಯ ಸೆಟ್ ಬಿಡಿಸಿ ಮಾರಬೇಡಿ. ಬಿಡಿಸಿದರೆ ದುಡ್ಡು ಸ್ವಲ್ಪ ಜಾಸ್ತಿ ಬರಬಹುದು, ಆದರೆ ಮತ್ತೆ ಕೂಡಿಸೋಕೆ ಆಗಲ್ಲ.

ಕೇಳಿದವರು, ಸುಂಟಿಕೊಪ್ಪದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಆಯಸ್ಕಾಂತ ಹಿಡಿದೆ. ಮರದ್ದು ಅಂದುಕೊಂಡಿದ್ದ ಆರರಲ್ಲಿ ಎರಡಕ್ಕೆ ಅಂಟಿಕೊಂಡಿತು! ಉಳಿದ ನಾಲ್ಕು ನಿಜವಾದ ಹಿಕರಿ. ಟಾರ್ಚ್ ಓರೆಯಾಗಿ ಹಿಡಿದಾಗ ಒಂದು ಮ್ಯಾಶಿಯ ಹಿಂದೆ ಪೂರ್ತಿ ಪೈಪು ಕಂಡಿತು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಮಾರಲ್ಲ. ಆ ತೋಟದ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್ ಇನ್ನೂ ಇದ್ದಾರೆ, ಸಿದ್ದಾಪುರದಲ್ಲಿ ಮಗಳ ಮನೆಯಲ್ಲಿ. ಬಂಗಲೆಯಲ್ಲಿ ಯಾವ ದೊರೆ ಆಡುತ್ತಿದ್ದರು ಅಂತ ಕೇಳೋಕೆ ಭಾನುವಾರ ಹೋಗುತ್ತಿದ್ದೇನೆ. ಚೀಟಿ ಆಮೇಲೆ ಬರೆಯುತ್ತೇನೆ.