4294967297 ಅವಿಭಾಜ್ಯವೇ?

ಪ್ರಶ್ನೆ:
ಹತ್ತು ಅಂಕಿಗಳ ಈ ಸಂಖ್ಯೆಯ ಹಿಂದೆ ಬಿದ್ದು ಎರಡು ರಾತ್ರಿ ಕಳೆದೆ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಸಿಗುತ್ತದೆ. 32ರ ಬದಲು 1, 2, 4, 8, 16ನೇ ಘಾತ ಹಾಕಿದರೆ ಸಿಗುವ, ಇದೇ ಸಾಲಿನ 3, 5, 17, 257, 65537 ಎಲ್ಲವೂ ಅವಿಭಾಜ್ಯ; ಇದೂ ಹಾಗೆಯೇ ಎಂದು ಗಣಿತಜ್ಞ ಫರ್ಮಾ ನಂಬಿದ್ದರಂತೆ. ಹಳೆಯ ಡೈರಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ 3, 7, 11 ಎಂದು ಭಾಗಿಸುತ್ತ 211ರವರೆಗೆ ಬಂದು ಕೈಚೆಲ್ಲಿದ್ದೇನೆ. ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲವೆಂಬ ಹಟ ಬೇರೆ. ಅಡ್ಡದಾರಿ ಇದೆಯೇ?

ಉತ್ತರ 1:
ಫರ್ಮಾ ಎಡವಿದ್ದೇ ಇಲ್ಲಿ. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು 641 × 6700417 ಎಂದು ಒಡೆದು ತೋರಿಸಿದರು. ಇದರ ಯಾವ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೂ ಶೇಷ 1 ಉಳಿಯಲೇಬೇಕು. ಹಾಗಾಗಿ ನೋಡಬೇಕಾದದ್ದು 193, 257, 449, 577, 641 ಮಾತ್ರ. ನಿಮ್ಮ 3, 7, 11 ಎಲ್ಲವೂ ನೀರಿನಲ್ಲಿ ಹೋಮ.

ಉತ್ತರ 2:
ಭಾಗಾಕಾರವೇ ಬೇಡ. 641 ಎಂದರೆ 5×2⁷+1. 5⁴+2⁴ ಕೂಡ ಹೌದು. 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡಿದರೆ 641 ಎಂದರೆ ಸೊನ್ನೆ; ಹಾಗಾಗಿ 5×2⁷ ಎಂದರೆ −1, 5⁴ ಎಂದರೆ −2⁴. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ ಎಂದರೆ 1. ಈಗ 5⁴ ಇರುವಲ್ಲಿ −2⁴ ಇಡಿ: −2³² ಎಂದರೆ 1. ಅಲ್ಲಿಗೆ 2³²+1ರ ಶೇಷ ಸೊನ್ನೆ.

ಪ್ರಶ್ನೆ ಕೇಳಿದವನು:
ಅಯ್ಯೋ, 193ನ್ನು ದಾಟಿಯೇ ಬಂದಿದ್ದೆ! ಹಟಕ್ಕೆ 641ರಿಂದ ಉದ್ದಕ್ಕೆ ಭಾಗಿಸಿಯೂ ನೋಡಿದೆ. ಕೊನೆಯ ಸಾಲಿನಲ್ಲಿ 4487ರಿಂದ 4487 ಕಳೆದಾಗ ಆದ ಖುಷಿಯೇ ಬೇರೆ. 6700417 ಇನ್ನೂ ಒಡೆಯುತ್ತದೆಯೇ ಎಂದು 64ರ ಹೆಜ್ಜೆಯಲ್ಲಿ ಅದರ ವರ್ಗಮೂಲದವರೆಗೆ, ಅಂದರೆ 2588ರವರೆಗೆ, ಹೊರಟಿದ್ದೇನೆ. ಯಾರೂ ಉತ್ತರ ಹೇಳಬೇಡಿ.